ಗೆದ್ದ ಹಾಡಿನ ಮಾರನೆಯ ದಿನ

ಒಂದು ಹಾಡು ಗೆದ್ದು ಊರೂರು ಸುತ್ತತೊಡಗಿದ ಮೇಲೂ ಅದನ್ನು ಹಾಡಿದವರ ಮನೆಯಲ್ಲಿ ಎಂದಿನಂತೆ ಬೆಳಗಾಗುತ್ತದೆ. ಹಾರ ತುರಾಯಿಗಳು ಬಾಡಿರುತ್ತವೆ, ಫೋನು ಮಾತ್ರ ಸುಮ್ಮನಿರುವುದಿಲ್ಲ. ಆ ಕಡೆಯಿಂದ ಕಂಪನಿಯವರು ಕೇಳುವುದು ಒಂದೇ ಮಾತು: ಮುಂದಿನದು ಯಾವಾಗ? ಅದು ಹಿಂದಿನದರ ಹಾಗೆಯೇ ಇರಬೇಕು, ಆದರೆ ಹಿಂದಿನದೇ ಆಗಿರಬಾರದು. ಕಲಾವಿದರ ಮುಂದೆ ಇಡಬಹುದಾದ ಬೇಡಿಕೆಗಳಲ್ಲಿ ಇಷ್ಟು ಕಷ್ಟದ್ದು ಇನ್ನೊಂದಿಲ್ಲ ಎಂದು ನನಗೆ ಯಾವಾಗಲೂ ಅನಿಸಿದೆ.

ಗೆದ್ದ ರೆಕಾರ್ಡುಗಳಿಗಿಂತ ಅವುಗಳ ಬೆನ್ನಿಗೇ ಬಂದ ರೆಕಾರ್ಡುಗಳ ಮೇಲೆ ನನಗೆ ಮಮತೆ ಹೆಚ್ಚು. ಗೆದ್ದದ್ದನ್ನು ಲೋಕ ಹೊತ್ತು ಮೆರೆಸುತ್ತದೆ. ರೇಡಿಯೊ, ಪಾರ್ಟಿ, ಸಿನಿಮಾ, ಜಾಹೀರಾತು, ಎಲ್ಲೆಲ್ಲೂ ಅದಕ್ಕೆ ಜಾಗವುಂಟು. ಬೆನ್ನಿಗೆ ಬಂದದ್ದನ್ನು ನಾವೇ ಹುಡುಕಿಕೊಂಡು ಹೋಗಬೇಕು. ಹಾಗೆ ಹೋದವರಿಗೆ ಅಲ್ಲಿ ನೂಕುನುಗ್ಗಲು ಇರುವುದಿಲ್ಲ. ಹಾಡುವವರ ದನಿ ಹತ್ತಿರದಿಂದ ಕೇಳಿಸುತ್ತದೆ. ಅಂಥ ರೆಕಾರ್ಡುಗಳಲ್ಲಿ ನಾನು ಮತ್ತೆ ಮತ್ತೆ ಎತ್ತಿಕೊಳ್ಳುವುದು 1976ರ ಮಾರ್ಚ್‌ನಲ್ಲಿ ಬಂದ 'ಎ ಲವ್ ಟ್ರಿಲಜಿ'ಯನ್ನು. ಹಾಡಿದಾಕೆ ಡೊನ್ನಾ ಸಮ್ಮರ್.

ಅದಕ್ಕೆ ಒಂದು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಡೊನ್ನಾಳ 'ಲವ್ ಟು ಲವ್ ಯು ಬೇಬಿ' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತ್ತು. ಅದರ ಮೇಲೆ ಕೂತಿದ್ದದ್ದು ಪಾಲ್ ಸೈಮನ್‌ನ 'ಫಿಫ್ಟಿ ವೇಸ್ ಟು ಲೀವ್ ಯುವರ್ ಲವರ್'. ಒಂದನೆಯ ಸ್ಥಾನದಲ್ಲಿ ಪ್ರಿಯತಮೆಯನ್ನು ಬಿಟ್ಟು ಹೋಗುವ ಹಾಡು, ಎರಡನೆಯದರಲ್ಲಿ ಪ್ರಿಯತಮನನ್ನು ಹತ್ತಿರ ಕರೆಯುವ ಹಾಡು. ಆ ಚಳಿಗಾಲದಲ್ಲಿ ಅಮೆರಿಕದ ಜನ ಎರಡನ್ನೂ ಒಟ್ಟಿಗೇ ಕೇಳಿದರು.

ಡೊನ್ನಾ ಹುಟ್ಟಿದ್ದು ಬಾಸ್ಟನ್ನಿನಲ್ಲಿ, 1948ರ ಡಿಸೆಂಬರ್ 31ರಂದು. ಹೆತ್ತವರು ಇಟ್ಟ ಹೆಸರು ಲಡೊನ್ನಾ ಏಡ್ರಿಯನ್ ಗೇನ್ಸ್. ಹುಡುಗಿಯಾಗಿದ್ದಾಗ ಒಂದು ಭಾನುವಾರ ಚರ್ಚಿನಲ್ಲಿ ಹಾಡಬೇಕಾಗಿದ್ದವರು ಬರಲಿಲ್ಲವೆಂದು ಈಕೆಯನ್ನು ನಿಲ್ಲಿಸಿದರಂತೆ. ಸೋಲ್ ಗಾಯಕಿಯರಲ್ಲಿ ಬಹುಪಾಲು ಎಲ್ಲರ ಕತೆಯೂ ಹೀಗೆ ಚರ್ಚಿನಿಂದಲೇ ಶುರುವಾಗುತ್ತದೆ. ಕಪ್ಪು ಜನರ ಚರ್ಚುಗಳಲ್ಲಿ ಹಾಡುವುದೆಂದರೆ ಎದೆ ತೆರೆದು, ಗಂಟಲು ಬಿಚ್ಚಿ, ಕೊನೆಯ ಸಾಲಿನ ಅಜ್ಜಿಗೂ ತಟ್ಟುವ ಹಾಗೆ ಹಾಡುವುದು. ಡೊನ್ನಾಳಿಗೆ ಮಹೇಲಿಯಾ ಜಾಕ್ಸನ್ ಎಂದರೆ ಪ್ರಾಣ. ಆ ಗಂಟಲನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಲೋಕಕ್ಕೆಲ್ಲ ಮೊದಲು ಕೇಳಿಸಿದ್ದು ಅದರ ಪಿಸುಮಾತು ಮಾತ್ರ.

1968ರಲ್ಲಿ, 19ರ ವಯಸ್ಸಿನಲ್ಲಿ, 'ಹೇರ್' ಎಂಬ ಸಂಗೀತ ನಾಟಕದ ಜರ್ಮನ್ ಪ್ರಯೋಗದಲ್ಲಿ ಹಾಡಲು ಆಕೆ ಮ್ಯೂನಿಕ್‌ಗೆ ಬಂದಳು. ಬಂದವಳು ಅಲ್ಲೇ ನೆಲೆನಿಂತಳು. ಜರ್ಮನ್ ಭಾಷೆ ಸರಾಗವಾಗಿ ನಾಲಿಗೆಗೆ ಹತ್ತಿತು, ವಿಯೆನ್ನಾದಲ್ಲಿ 'ಪೋರ್ಗಿ ಆಂಡ್ ಬೆಸ್'ನಲ್ಲೂ ಹಾಡಿದಳು, ಆಸ್ಟ್ರಿಯಾದ ನಟ ಹೆಲ್ಮುಟ್ ಸೊಮ್ಮರ್ ಎಂಬಾತನನ್ನು ಮದುವೆಯಾದಳು, ಮಗಳು ಮಿಮಿ ಹುಟ್ಟಿದಳು. ಅಚ್ಚಿನಲ್ಲಿ ಸೊಮ್ಮರ್ ಹೋಗಿ ಸಮ್ಮರ್ ಆಯಿತು. ಮದುವೆ ಮುರಿದ ಮೇಲೂ ಆ ಹೆಸರು ಉಳಿದುಕೊಂಡಿತು. ಹೊಟ್ಟೆಪಾಡಿಗೆ ಸ್ಟುಡಿಯೊಗಳಲ್ಲಿ ಹಿನ್ನೆಲೆ ದನಿ ಕೊಡುತ್ತಿದ್ದಾಗ ಇಬ್ಬರ ಕಣ್ಣಿಗೆ ಬಿದ್ದಳು. ಒಬ್ಬ ಜಾರ್ಜಿಯೊ ಮೊರೊಡರ್, ಇಟಲಿಯ ದಕ್ಷಿಣ ಟಿರೋಲಿನ ಬೆಟ್ಟಗಳ ನಡುವಿನ ಓರ್ಟಿಸೆ ಊರಿನವನು. ಇನ್ನೊಬ್ಬ ಪೀಟ್ ಬೆಲಟ್, ಇಂಗ್ಲೆಂಡಿನವನು. ಒಬ್ಬ ಇಟಲಿಯವ, ಒಬ್ಬ ಇಂಗ್ಲಿಷಿನವ, ಒಬ್ಬಳು ಬಾಸ್ಟನ್ನಿನ ಕಪ್ಪು ಹೆಣ್ಣುಮಗಳು, ಕೀಬೋರ್ಡಿಗೂ ವಾದ್ಯಸಂಯೋಜನೆಗೂ ಐಸ್‌ಲ್ಯಾಂಡಿನ ಥೋರ್ ಬಾಲ್ಡರ್‌ಸನ್, ಡ್ರಮ್ಮಿಗೆ ಇನ್ನೊಬ್ಬ ಇಂಗ್ಲಿಷಿನವ ಕೀತ್ ಫೋರ್ಸಿ. ಇವರೆಲ್ಲ ಸೇರುತ್ತಿದ್ದದ್ದು ಮ್ಯೂನಿಕ್‌ನ ಅರಬೆಲ್ಲಾ ಎಂಬ ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೊದಲ್ಲಿ.

ಆ ನೆಲಮಾಳಿಗೆಯ ಬಗ್ಗೆ ಒಂದು ಮಾತು. 1975ರ ನವೆಂಬರ್‌ನಲ್ಲಿ ಲೆಡ್ ಝೆಪ್ಲಿನ್‌ನವರು ಅಲ್ಲೇ ಕೂತು 'ಪ್ರೆಸೆನ್ಸ್' ಎಂಬ ಆಲ್ಬಮ್ ಮುಗಿಸಿದರು. ಅದು ಅಂಗಡಿಗೆ ಬಂದದ್ದು 1976ರ ಮಾರ್ಚ್ ಕೊನೆಗೆ, ಅಂದರೆ 'ಎ ಲವ್ ಟ್ರಿಲಜಿ' ಬಂದ ತಿಂಗಳೇ. ರಾಕ್ ಸಂಗೀತದ ಅಭಿಮಾನಿಗಳೂ ಡಿಸ್ಕೊ ಕುಣಿತದವರೂ ಒಬ್ಬರ ಮುಖ ಒಬ್ಬರು ನೋಡದೆ ಜಗಳಕ್ಕೆ ನಿಲ್ಲುವ ಕಾಲ ಮುಂದೆ ಬಂತು. ಆದರೆ ಎರಡೂ ಕಡೆಯ ಸಂಗೀತ ಒಂದೇ ನೆಲಮಾಳಿಗೆಯ ಗೋಡೆಗಳ ನಡುವಿನಿಂದ, ಒಂದೇ ತಿಂಗಳಲ್ಲಿ ಹೊರಬಂದಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಗೆದ್ದ ಹಾಡಿನ ಹುಟ್ಟನ್ನು ಹೇಳದೆ ಮುಂದಿನದಕ್ಕೆ ಹೋಗುವಂತಿಲ್ಲ. ಜೇನ್ ಬರ್ಕಿನ್, ಸೆರ್ಜ್ ಗೇನ್ಸ್‌ಬೂರ್ ಹಾಡಿದ್ದ ಫ್ರೆಂಚ್ ಪ್ರಣಯಗೀತೆಯೊಂದು ಆಗ ಮತ್ತೆ ಜನರ ಬಾಯಿಗೆ ಬಂದಿತ್ತು. ಅಂಥದೊಂದನ್ನು ಮಾಡಬೇಕೆಂದು ಹೊರಟಾಗ ಡೊನ್ನಾ ಒಂದು ಸಾಲು ತಂದಳು, ಮೊರೊಡರ್ ಅದಕ್ಕೆ ಹಾಡು ಕಟ್ಟಿದ. ಇದನ್ನು ಬೇರೆ ಯಾರಾದರೂ ಹಾಡಲಿ, ನಾನು ಮಾದರಿಗಷ್ಟೇ ಹಾಡಿಕೊಡುತ್ತೇನೆ ಎಂಬುದು ಆಕೆಯ ಒಪ್ಪಂದ. ದೀಪ ತಗ್ಗಿಸಿ, ಸ್ಟುಡಿಯೊದ ನೆಲದ ಮೇಲೆ ಮಲಗಿ, ಮರ್ಲಿನ್ ಮನ್ರೋ ಹಾಡಿದ್ದರೆ ಹೇಗೆ ಹಾಡುತ್ತಿದ್ದಳೋ ಹಾಗೆ ಎಂದುಕೊಂಡು ಆಕೆ ಉಸಿರಿನಲ್ಲೇ ಹಾಡಿದಳು. ಮೂರು ನಿಮಿಷದ ಚಿಲ್ಲರೆ ಹಾಡು. ಅಮೆರಿಕದಲ್ಲಿ ಕಾಸಾಬ್ಲಾಂಕಾ ಕಂಪನಿಯ ಮಾಲೀಕ ನೀಲ್ ಬೋಗಾರ್ಟ್ ತನ್ನ ಮನೆಯ ಪಾರ್ಟಿಯಲ್ಲಿ ಇದನ್ನು ಹಾಕಿದರೆ, ಬಂದವರೆಲ್ಲ ಮತ್ತೆ ಹಾಕು, ಮತ್ತೆ ಹಾಕು ಎಂದರಂತೆ. ಮುಳ್ಳನ್ನು ಎತ್ತಿ ಇಡುವ ಕೆಲಸ ಸಾಕಾಗಿ ಆತ ಮ್ಯೂನಿಕ್‌ಗೆ ಫೋನು ಮಾಡಿದ: ಇದನ್ನೇ ಉದ್ದ ಮಾಡಿ ಕಳಿಸಿ. ಹಾಡು ಸುಮಾರು 17 ನಿಮಿಷಕ್ಕೆ ಬೆಳೆದು ಎಲ್‌ಪಿಯ ಒಂದು ಮಗ್ಗುಲನ್ನು ಪೂರ್ತಿ ತುಂಬಿತು. ಬಿಬಿಸಿ ಅದನ್ನು ಹಾಕುವುದಿಲ್ಲವೆಂದಿತು, ಬ್ರಿಟನ್ನಿನ ಜನ ನಾಲ್ಕನೆಯ ಸ್ಥಾನಕ್ಕೆ ಏರಿಸಿದರು.

ಇಲ್ಲಿ ತಾಂತ್ರಿಕ ವಿಷಯವೊಂದಿದೆ, ಅದನ್ನು ಹೇಳದಿದ್ದರೆ ಈ ಸಂಗೀತದ ರುಚಿ ಸರಿಯಾಗಿ ಸಿಗುವುದಿಲ್ಲ. ಅದುವರೆಗೆ ಜನಪ್ರಿಯ ಹಾಡೆಂದರೆ 45 ಸುತ್ತಿನ ಚಿಕ್ಕ ಪ್ಲೇಟಿನಲ್ಲಿ ಹಿಡಿಸುವ ಮೂರು ನಾಲ್ಕು ನಿಮಿಷ. ರೇಡಿಯೊಗೆ ಬೇಕಾದದ್ದೂ ಅಷ್ಟೇ. ಕುಣಿಯುವವರಿಗೆ ಅದು ಸಾಲದು; ಮೈ ಬೆಚ್ಚಗಾಗಿ ಕಾಲು ಲಯಕ್ಕೆ ಕೂಡುವ ಹೊತ್ತಿಗೆ ಹಾಡು ಮುಗಿದಿರುತ್ತದೆ. 12 ಅಂಗುಲದ ಎಲ್‌ಪಿಯ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಧಾರಾಳ ಜಾಗವಿತ್ತು. 1975ರ ಆರಂಭದಲ್ಲಿ ಗ್ಲೋರಿಯಾ ಗೇನರ್‌ಳ 'ನೆವರ್ ಕ್ಯಾನ್ ಸೇ ಗುಡ್‌ಬೈ' ಆಲ್ಬಮ್ಮಿನಲ್ಲಿ ಟಾಮ್ ಮೌಲ್ಟನ್ ಎಂಬಾತ ಮೂರು ಹಾಡುಗಳನ್ನು ನಡುವೆ ಉಸಿರು ಬಿಡದ ಹಾಗೆ ಹೊಲಿದು ಒಂದು ಮಗ್ಗುಲು ಪೂರ್ತಿ ಓಡಿಸಿದ್ದ. ಮೊರೊಡರ್ ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಒಂದೇ ಹಾಡನ್ನು ಅಷ್ಟುದ್ದಕ್ಕೆ ಹಬ್ಬಿಸಿದ.

ಗೆದ್ದಾಯಿತು. ಈಗ ಮಾರನೆಯ ದಿನ.

ದಾರಿ ಎರಡಿದ್ದವು. ಹಳೆಯದನ್ನು ಬಿಟ್ಟು ಗಾಯಕಿಯ ಬೇರೆ ಮುಖ ತೋರಿಸುವುದು ಒಂದು, ಗೆದ್ದ ಅಚ್ಚಿನಲ್ಲೇ ಇನ್ನೊಂದನ್ನು ತೆಗೆಯುವುದು ಇನ್ನೊಂದು. ಮೊರೊಡರ್, ಬೆಲಟ್, ಡೊನ್ನಾ ಆರಿಸಿದ್ದು ಎರಡನೆಯದನ್ನು. ಆಲ್ಬಮ್ಮಿನ ಕಟ್ಟಡವೂ ಹಳೆಯದೇ: ಮೊದಲ ಮಗ್ಗುಲಿಗೆ ಒಂದೇ ಉದ್ದದ ಹಾಡು, ಎರಡನೆಯದಕ್ಕೆ ಚಿಕ್ಕವು. ಪುಸ್ತಕಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದೇ ಸೂತ್ರವನ್ನು ಇನ್ನೊಮ್ಮೆ ಬಳಸಿದರು ಎಂದು. ನನಗೆ ಆ ಮಾತಿನಲ್ಲಿ ಅನ್ಯಾಯ ಕಾಣುತ್ತದೆ. ಒಂದು ಕೆಲಸವನ್ನು ಮೊದಲ ಸಲ ಮಾಡುವಾಗ ಅದು ಆಗುತ್ತದೋ ಇಲ್ಲವೋ ಎಂಬ ಆತಂಕ ಕೈಯಲ್ಲಿರುತ್ತದೆ. ಎರಡನೆಯ ಸಲ ಆತಂಕವಿಲ್ಲ, ಕೈಗೆ ಬಿಡುವು ಇದೆ, ಒಳಗಿನ ವಿವರಗಳನ್ನು ನೋಡಿಕೊಳ್ಳಬಹುದು. 'ಎ ಲವ್ ಟ್ರಿಲಜಿ' ಕೇಳುವಾಗ ನನಗೆ ದಕ್ಕುವ ಸುಖ ಈ ಬಿಡುವಿನದು.

ಮೊದಲ ಮಗ್ಗುಲಿನ ಹಾಡಿನ ಹೆಸರು 'ಟ್ರೈ ಮಿ, ಐ ನೋ ವಿ ಕ್ಯಾನ್ ಮೇಕ್ ಇಟ್'. ಹೆಸರೊಳಗೇ ಮೂರು ಹಾಡುಗಳಿವೆ: 'ಟ್ರೈ ಮಿ' ಒಂದು, 'ಐ ನೋ' ಇನ್ನೊಂದು, 'ವಿ ಕ್ಯಾನ್ ಮೇಕ್ ಇಟ್' ಮತ್ತೊಂದು. ಮೂರೂ ಸೇರಿ ಒಂದು ವಾಕ್ಯ, ಒಂದು ಮಗ್ಗುಲು, ಹತ್ತಿರ ಹತ್ತಿರ 18 ನಿಮಿಷ. ಕೇಳಲು ಶುರುಮಾಡಿದಾಗ ಮೊದಲು ಗಮನಕ್ಕೆ ಬರುವುದು ಬಾಸ್ ಡ್ರಮ್ಮಿನ ನಡೆ. ಪ್ರತಿ ಎಣಿಕೆಗೂ ಒಂದು ಗುದ್ದು. ಒಂದು, ಎರಡು, ಮೂರು, ನಾಲ್ಕು, ಯಾವುದಕ್ಕೂ ಹೆಚ್ಚಿಲ್ಲ, ಯಾವುದಕ್ಕೂ ಕಡಿಮೆಯಿಲ್ಲ. ಅದೇ ಕಾಲದ ಫಿಲಡೆಲ್ಫಿಯಾದ ಡಿಸ್ಕೊದಲ್ಲಿ ಅರ್ಲ್ ಯಂಗ್ ಎಂಬ ಡ್ರಮ್ಮರ್ ಎಣಿಕೆಗಳ ನಡುವೆ ಕಂಚಿನ ತಟ್ಟೆಗಳನ್ನು ಅರೆಬಿಚ್ಚಿ ಮುಚ್ಚಿ ನಿಟ್ಟುಸಿರಿನಂಥ ಸದ್ದು ಹೊರಡಿಸುತ್ತಿದ್ದ. ಅದರಲ್ಲಿ ಬೆವರಿತ್ತು, ಮಾಂಸಲತೆ ಇತ್ತು. ಮ್ಯೂನಿಕ್‌ನವರ ನಡೆ ಇನ್ನೂ ಸಪಾಟು, ಇನ್ನೂ ತಣ್ಣಗಿನದು. ಕೆಲವರಿಗೆ ಅದು ಯಾಂತ್ರಿಕ ಎನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ನೆಲ ಸಮವಾಗಿದ್ದರೆ ಅದರ ಮೇಲೆ ನಡೆಯುವವರ ಕಾಲಿನ ಚಂದ ಕಾಣುತ್ತದೆ.

ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಲ್ಲಿ ಕೂತು ಬೆಳೆದ ಕಿವಿ ನನ್ನದು. ಆ ಕಿವಿಗೆ ಈ 18 ನಿಮಿಷ ಅಪರಿಚಿತ ಎನಿಸಲಿಲ್ಲ. ಕೃತಿಯ ನಡುವೆ ವಿದ್ವಾಂಸರು ಸಾಹಿತ್ಯದ ಒಂದೇ ಸಾಲನ್ನು ನೆರವಲ್‌ಗೆ ಎತ್ತಿಕೊಳ್ಳುತ್ತಾರಲ್ಲ, ಅದು ನೆನಪಾಯಿತು. ತಾಳ ಕದಲುವುದಿಲ್ಲ, ಮಾತು ಬದಲಾಗುವುದಿಲ್ಲ, ಮಾತು ತಾಳದಲ್ಲಿ ಬೀಳುವ ಜಾಗವೂ ಬದಲಾಗುವುದಿಲ್ಲ. ಆದರೂ ಪ್ರತಿ ಆವರ್ತದಲ್ಲಿ ಆ ಸಾಲು ಹೊಸ ಬೆಳಕಿನಲ್ಲಿ ನಿಲ್ಲುತ್ತದೆ. ಕಚೇರಿಯಲ್ಲಿ ಆ ಹೊಸತನ ಹುಟ್ಟುವುದು ಗಾಯಕರ ಮನೋಧರ್ಮದಿಂದ, ಆ ಕ್ಷಣದಲ್ಲಿ. ಮ್ಯೂನಿಕ್‌ನ ನೆಲಮಾಳಿಗೆಯಲ್ಲಿ ಅದನ್ನು ಟೇಪಿನ ಮೇಲೆ ಪದರ ಪದರವಾಗಿ ಕಟ್ಟಿದ್ದಾರೆ. ಒಮ್ಮೆ ಪಿಟೀಲುಗಳ ತಂಡ ಮೇಲಿನಿಂದ ಇಳಿದು ಬರುತ್ತದೆ, ಒಮ್ಮೆ ಹಿಂದೆ ಸರಿದು ಬಾಸ್ ಗಿಟಾರನ್ನು ಒಂಟಿ ಬಿಡುತ್ತದೆ. ಒಮ್ಮೆ ಹಿನ್ನೆಲೆಯ ಹೆಣ್ಣುದನಿಗಳು ಡೊನ್ನಾಳ ಸಾಲನ್ನು ಎತ್ತಿಹಿಡಿಯುತ್ತವೆ. ಮತ್ತೊಮ್ಮೆ ಎಲ್ಲ ಸರಿದು ತಾಳವಾದ್ಯಗಳಷ್ಟೇ ಉಳಿಯುತ್ತವೆ. ಕೇಳುವವರು ಆಕೆಯ ದನಿ ಯಾವಾಗ ಮರಳುತ್ತದೋ ಎಂದು ಕಾಯುತ್ತಾರೆ. ಪದ್ಧತಿಗಳು ಬೇರೆ ಬೇರೆ, ಆದರೆ ಒಂದು ಸಾಲಿನೊಳಗೆ ಬಹಳ ಹೊತ್ತು ಇದ್ದರೆ ಅದು ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ಎರಡು ಕಡೆಯೂ ಒಂದೇ.

ಇನ್ನು ಡೊನ್ನಾಳ ದನಿ. ಮೊದಲ ಹಾಡಿನ ಉಸಿರಾಟ ಇಲ್ಲಿಯೂ ಇದೆ, ಅದನ್ನು ಬಿಡಲು ಕಂಪನಿ ಒಪ್ಪುತ್ತಿರಲಿಲ್ಲ. ಆದರೆ 'ಟ್ರೈ ಮಿ'ಯಲ್ಲಿ ಆ ಉಸಿರು ರಾಗದ ಒಳಗೆ ಸೇರಿಕೊಂಡಿದೆ. ತೆಳ್ಳಗಿನ, ಎತ್ತರದ, ರೇಷ್ಮೆಯಂಥ ದನಿಯಲ್ಲಿ ಆಕೆ ಹಾಡಿಯೇ ಹಾಡುತ್ತಾಳೆ. ಮರ್ಲಿನ್ ಮನ್ರೋಳ ನೆರಳು ಸರಿದಿದೆ. ಈ ಹಾಡಿನ ನಾಯಕಿ ಯಾರನ್ನೂ ಮರುಳು ಮಾಡಲು ಕೂತಿಲ್ಲ. ನನ್ನನ್ನು ನಂಬಿ ನೋಡು, ನಮ್ಮಿಂದ ಇದು ಸಾಧ್ಯ ಎಂದು ಧೈರ್ಯ ಹೇಳುತ್ತಿದ್ದಾಳೆ. ಗೆದ್ದ ಹಾಡಿನ ಬೆನ್ನಿಗೆ ಬಂದ ಹಾಡಿಗೆ ಈ ಮಾತು ಎಷ್ಟು ಒಪ್ಪುತ್ತದೆ! ಬರೆದವರು ಅದನ್ನು ಎಣಿಸಿ ಬರೆದರೋ ಇಲ್ಲವೋ, ನನಗಂತೂ ಆಕೆ ಪ್ರಿಯಕರನ ಜೊತೆಗೆ ಕೇಳುಗರಿಗೂ ಅದನ್ನೇ ಹೇಳುತ್ತಿರುವಂತೆ ಕೇಳಿಸುತ್ತದೆ.

ಇದನ್ನು ತುಂಡು ಮಾಡಿ ಕೇಳಬಾರದು. ಸಿಂಗಲ್ಲಿಗಾಗಿ ಕತ್ತರಿಸಿದ ಚಿಕ್ಕ ಆವೃತ್ತಿಯೂ ಇದೆ, ಅದರಲ್ಲಿ ಸಾಲು ಇದೆ, ಕಾಯುವಿಕೆ ಇಲ್ಲ. ಈಗ ಬೆರಳ ತುದಿಯಲ್ಲಿ ಎಲ್ಲವೂ ಸಿಗುತ್ತದೆ, ಬೆರಳು ಮುಂದಕ್ಕೆ ತಳ್ಳಲು ತವಕಿಸುತ್ತದೆ. ಬಿಡುವಿದ್ದ ಒಂದು ಮಧ್ಯಾಹ್ನ ಬೆರಳನ್ನು ಸುಮ್ಮನಿರಿಸಿ ಮೊದಲಿಂದ ಕೊನೆಯವರೆಗೆ ಕೇಳಿ ನೋಡಬೇಕು. ಹತ್ತನೆಯ ನಿಮಿಷದ ಆಸುಪಾಸಿನಲ್ಲಿ ಹೊತ್ತಿನ ಲೆಕ್ಕ ತಪ್ಪುತ್ತದೆ.

ಪ್ಲೇಟು ಮಗುಚಿ ಹಾಕಿದರೆ ಎರಡನೆಯ ಮಗ್ಗುಲು. ಒಂದು ನಿಮಿಷಕ್ಕೆ ಚೂರು ಮೀರಿದ 'ಪ್ರೆಲ್ಯೂಡ್ ಟು ಲವ್' ಬಾಗಿಲು ತೆಗೆಯುತ್ತದೆ, ಒಳಗೆ ಕಾಲಿಟ್ಟರೆ 'ಕುಡ್ ಇಟ್ ಬಿ ಮ್ಯಾಜಿಕ್'. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಇದು ಮ್ಯೂನಿಕ್‌ನವರ ಹಾಡಲ್ಲ. ಬ್ಯಾರಿ ಮ್ಯಾನಿಲೋ ಮತ್ತು ಏಡ್ರಿಯನ್ ಆ್ಯಂಡರ್ಸನ್ ಬರೆದದ್ದು. ಆದರೆ ಮ್ಯಾನಿಲೋನ ಹಿಂದೆ ಇನ್ನೊಬ್ಬ ಇದ್ದಾನೆ. ಪಿಯಾನೊ ಸಂಗೀತದ ಮಹಾನುಭಾವ ಫ್ರೆಡರಿಕ್ ಶೋಪಾನ್ 24 ಪ್ರೆಲ್ಯೂಡುಗಳ ಗುಚ್ಛವೊಂದನ್ನು ಬರೆದ; 1838-39ರ ಚಳಿಗಾಲದಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ, ವಾಲ್ದೆಮೋಸಾದ ಹಳೆಯ ಮಠವೊಂದರಲ್ಲಿ ತಂಗಿದ್ದಾಗ ಅದನ್ನು ಮುಗಿಸಿದ. ಅದರಲ್ಲಿ 20ನೆಯದು ಬರೀ 13 ಅಳತೆಗಳ ಚಿಕ್ಕ ರಚನೆ. ತುಂಬ ನಿಧಾನದ ಚಲನೆ, ದಟ್ಟವಾದ ಸ್ವರಗುಚ್ಛಗಳು, ಶವಯಾತ್ರೆಯ ಗಾಂಭೀರ್ಯ. ಗಟ್ಟಿಯಾಗಿ ಶುರುವಾಗಿ, ಮೆಲ್ಲಗಾಗಿ, ಇನ್ನೂ ಮೆಲ್ಲಗಾಗಿ, ಕೊನೆಗೆ ಒಂದು ಸ್ವರಗುಚ್ಛದಲ್ಲಿ ನಿಲ್ಲುತ್ತದೆ. ರಾಖ್ಮನಿನೋಫ್ ಇದೇ ತುಣುಕನ್ನು ಹಿಡಿದು ವಿಸ್ತಾರವಾದ ವೇರಿಯೇಷನ್‌ಗಳನ್ನು ಬರೆದಿದ್ದಾನೆ.

ಮ್ಯಾನಿಲೋ ಮಾಡಿದ್ದು ಒಂದು ದೊಡ್ಡ ತಿರುವು. ಶೋಪಾನನ ಸ್ವರಗುಚ್ಛಗಳನ್ನೇ ಇಟ್ಟುಕೊಂಡು ದನಿಯ ಏರಿಳಿತವನ್ನು ತಿರುಗುಮುರುಗು ಮಾಡಿದ. ಅವನ ಹಾಡು ಮೆಲ್ಲಗೆ ಶುರುವಾಗಿ ಸುತ್ತಿನಿಂದ ಸುತ್ತಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಕೆಳಗಿಳಿಯುತ್ತಿದ್ದ ದುಃಖ ಮೇಲೇರುವ ಹಂಬಲವಾಯಿತು. 1975ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಬಂತು. ಅದಾಗಿ ಒಂದು ವರ್ಷ ತುಂಬುವುದರೊಳಗೆ ಮೊರೊಡರ್ ಅದಕ್ಕೆ ತನ್ನ ನಾಲ್ಕು ಗುದ್ದಿನ ನೆಲ ಹಾಸಿ ಡೊನ್ನಾಳ ಕೈಗಿಟ್ಟ.

ಮಠದ ಚಳಿಯಲ್ಲಿ ಮುಗಿದ ಸಂಗೀತ ಕುಣಿಯುವ ಹುಡುಗ ಹುಡುಗಿಯರ ಕಾಲಿಗೆ ಬಂದದ್ದನ್ನು ಶುದ್ಧಿವಾದಿಗಳು ಒಪ್ಪಲಾರರು. ಕೇಳಿ ನೋಡಿದರೆ ಒಪ್ಪದಿರುವುದು ಕಷ್ಟ. ಆ ಸ್ವರಗುಚ್ಛಗಳ ನಡಿಗೆಯಲ್ಲೇ ಒಂದು ಘನತೆ ಇದೆ, ಡಿಸ್ಕೊ ಲಯ ಅದನ್ನು ಕೆಡಿಸಿಲ್ಲ. ಮೇಲೇರುವ ಹಾಡಿಗೆ ಏರಲು ಮೆಟ್ಟಿಲು ಬೇಕಿತ್ತು, ಡ್ರಮ್ಮು ಅದನ್ನು ಕೊಟ್ಟಿತು. ಡೊನ್ನಾ ಆರಂಭದಲ್ಲಿ ತನ್ನನ್ನು ಹಿಡಿದಿಟ್ಟುಕೊಂಡು ಹಾಡುತ್ತಾಳೆ. ಹಾಡು ಏರಿದಂತೆ ಉಸಿರಿನ ಕೆಳಗಿದ್ದ ಗಂಟಲು ಹೊರಬರುತ್ತದೆ, ಸಾಲಿನ ತುದಿಗಳನ್ನು ಆಕೆ ಎಳೆದು ಬಿಡುವ ರೀತಿಯಲ್ಲಿ ಬಾಸ್ಟನ್ನಿನ ಚರ್ಚು ಇಣುಕುತ್ತದೆ. ನಡುನಡುವೆ ಮಾರುಕಟ್ಟೆಗೆ ಬೇಕಾದ ನಿಟ್ಟುಸಿರುಗಳನ್ನೂ ಸೇರಿಸಿದ್ದಾಳೆ. ಅವು ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂಬುದು ನನ್ನ ಅನಿಸಿಕೆ. ಆದರೂ ಇಡೀ ಆಲ್ಬಮ್ಮಿನಲ್ಲಿ ಗಾಯಕಿ ತನ್ನ ಅಳತೆಗೆ ತಕ್ಕ ಎತ್ತರ ಕಂಡುಕೊಳ್ಳುವುದು ಈ ಐದು ನಿಮಿಷಗಳಲ್ಲಿ. ಇನ್ನೊಬ್ಬರ ಹಾಡಿನೊಳಗೆ ಆಕೆಗೆ ತನ್ನ ದನಿ ಸಿಕ್ಕಿತು.

ಇದಾದ ಮೇಲೆ 'ವೇಸ್ಟೆಡ್', ಕೊನೆಗೆ 'ಕಮ್ ವಿತ್ ಮಿ'. ಎರಡೂ ನಾಲ್ಕೈದು ನಿಮಿಷದ ಹಾಡುಗಳು, ಲವಲವಿಕೆಯವು. 'ವೇಸ್ಟೆಡ್'ನಲ್ಲಿ ಪ್ರೀತಿಯ ಹಳಹಳಿಕೆಗೆ ಚುರುಕಾದ ನಡೆ ಕೊಟ್ಟಿದ್ದಾರೆ. ಸೋಲ್ ಸಂಗೀತಕ್ಕೆ ಇದು ಹೊಸದಲ್ಲ. ಎದೆ ಒಡೆದದ್ದನ್ನು ಕಾಲು ಕುಣಿಸುವ ಹಾಗೆ ಹಾಡುವುದು ಡೆಟ್ರಾಯಿಟ್‌ನ ಮೋಟೌನ್ ಕಾಲದಿಂದಲೂ ಬಂದದ್ದು. ನಾನು ಮನೆಯಲ್ಲಿ ಏನಾದರೂ ಕೆಲಸ ಮಾಡುತ್ತ ಗುನುಗುವುದು ಇದನ್ನೇ.

ರಕ್ಷಾಕವಚದ ಚಿತ್ರದಲ್ಲಿ ಡೊನ್ನಾ ಮೋಡಗಳ ನಡುವೆ ತೇಲುತ್ತಿದ್ದಾಳೆ. ನೆಲದ ಮೇಲೆ ಕಾಲಿಲ್ಲ. ಗಂಡಸರ ಕನಸಿನ ಹೆಣ್ಣು ಎಂಬ ಪ್ರಚಾರದ ಚಿತ್ರವನ್ನು ಕಂಪನಿ ಬಹಳ ಎಚ್ಚರದಿಂದ ಕಟ್ಟುತ್ತಿತ್ತು. ನೀಲ್ ಬೋಗಾರ್ಟನಿಗೆ ಹಾಡು ಮಾರುವುದೂ ಗೊತ್ತಿತ್ತು, ಹಾಡುವವರನ್ನು ಮಾರುವುದೂ ಗೊತ್ತಿತ್ತು; ಮುಖಕ್ಕೆ ಬಣ್ಣ ಬಳಿದು ಬೆಂಕಿ ಉಗುಳುವ ಕಿಸ್ ತಂಡವೂ ಅವನ ಕಂಪನಿಯದೇ. ಚರ್ಚಿನಲ್ಲಿ ಬೆಳೆದ, ಮಗುವಿನ ತಾಯಿಯಾದ ಡೊನ್ನಾಳಿಗೆ ಆ ಚಿತ್ರ ಬಿಗಿಯಾಗುತ್ತ ಹೋಯಿತು. ಆ ವರ್ಷಗಳಲ್ಲಿ ತಾನು ಎಷ್ಟು ಕುಗ್ಗಿಹೋಗಿದ್ದೆ ಎಂಬುದನ್ನು 2003ರಲ್ಲಿ ಪ್ರಕಟವಾದ ಆತ್ಮಕತೆಯಲ್ಲಿ ಆಕೆ ಬಿಚ್ಚಿ ಹೇಳಿದ್ದಾಳೆ. ಪುಸ್ತಕದ ಹೆಸರಿನಲ್ಲೇ ತನ್ನನ್ನು ಸಾಮಾನ್ಯ ಹುಡುಗಿ ಎಂದು ಕರೆದುಕೊಂಡಿದ್ದಾಳೆ. ಅದನ್ನು ತಿಳಿದ ಮೇಲೆ ಮೋಡದ ಚಿತ್ರ ನೋಡುವಾಗ ನನಗೆ ಸಂಕಟವಾಗುತ್ತದೆ. ರೆಕಾರ್ಡಿನ ಒಳಗಿರುವ ದನಿಗೆ ನೆಲ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನದ ರೆಕಾರ್ಡುಗಳಿಗೆಲ್ಲ 'ಎ ಲವ್ ಟ್ರಿಲಜಿ'ಗೆ ಸಿಕ್ಕಂಥ ಅದೃಷ್ಟ ಇರುವುದಿಲ್ಲ. ಮೊದಲೇ ಹೆಸರಿಸಿದ ಗ್ಲೋರಿಯಾ ಗೇನರ್ ಕತೆ ಬೇರೆ. 1978ರಲ್ಲಿ ಆಕೆ ವೇದಿಕೆಯ ಮೇಲೆ ಬಿದ್ದು ಬೆನ್ನಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ 'ಐ ವಿಲ್ ಸರ್ವೈವ್' ಹಾಡಿದಳು. ಕಂಪನಿಯವರು ಅದನ್ನು ಸಿಂಗಲ್ಲಿನ ಹಿಂಬದಿಗೆ ಹಾಕಿದ್ದರು. ಡಿಸ್ಕೊ ಡಿಜೆಗಳು ಪ್ಲೇಟು ಮಗುಚಿದರು, 1979ರ ಮಾರ್ಚ್‌ನಲ್ಲಿ ಹಾಡು ಒಂದನೆಯ ಸ್ಥಾನಕ್ಕೆ ಏರಿತು. ಅದೇ ವರ್ಷ ಬೆನ್ನಿಗೆ ಬಂದ ಆಲ್ಬಮ್ 'ಐ ಹ್ಯಾವ್ ಎ ರೈಟ್'. ಅದೇ ಕೆಚ್ಚಿನ ಹೆಣ್ಣು, ಆ ಗೆದ್ದ ಹಾಡನ್ನು ಬರೆದ ಫ್ರೆಡ್ಡಿ ಪೆರೆನ್, ಡಿನೊ ಫೆಕಾರಿಸ್ ಜೋಡಿಯೇ. ಆದರೆ 1979ರ ಜುಲೈ 12ರಂದು ಷಿಕಾಗೊದ ಕಾಮಿಸ್ಕಿ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಸಿಡಿಸಿ ಸುಟ್ಟರು, ಜನ ಮೈದಾನಕ್ಕೆ ನುಗ್ಗಿ ಆಟವೇ ನಿಂತಿತು. ಕಪ್ಪು ಹೆಣ್ಣುಮಕ್ಕಳೂ ಸಲಿಂಗಿ ಹುಡುಗರೂ ಬೆಳೆಸಿದ ಸಂಗೀತವನ್ನು ಅಷ್ಟು ದ್ವೇಷದಿಂದ ಸುಟ್ಟದ್ದನ್ನು ನೆನೆದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ಗೇನರ್‌ಳ ಆ ಆಲ್ಬಮ್ ಇಂಥ ಗಾಳಿಗೆ ಎದುರಾಗಿ ಬಂತು, ಹೆಚ್ಚು ಮೇಲೇರಲಿಲ್ಲ. ಅದರಲ್ಲಿ ಗಾಯಕಿಯ ತಪ್ಪು ನನಗೆ ಕಾಣಿಸುವುದಿಲ್ಲ.

ಡೊನ್ನಾಳ ಟ್ರಿಲಜಿಗೆ ಗಾಳಿ ಅನುಕೂಲವಾಗಿತ್ತು. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 21ನೆಯ ಸ್ಥಾನ, ಅಮೆರಿಕದಲ್ಲಿ ಗೋಲ್ಡ್ ಪ್ರಮಾಣಪತ್ರ, ಡಿಸ್ಕೊ ಪಟ್ಟಿಯಲ್ಲಿ ಒಂದನೆಯ ಸ್ಥಾನ. ಸಿಂಗಲ್ ಆಗಿ ಬಂದ 'ಕುಡ್ ಇಟ್ ಬಿ ಮ್ಯಾಜಿಕ್' ಮಾತ್ರ 52ರಲ್ಲಿ ನಿಂತಿತು. ಹಿಂದಿನ ಹಾಡಿನ ಎರಡನೆಯ ಸ್ಥಾನದ ಪಕ್ಕದಲ್ಲಿಟ್ಟು ನೋಡಿದವರಿಗೆ ಅದು ಇಳಿತ. ಆದರೆ ಮೂವರೂ ಕೆಲಸ ನಿಲ್ಲಿಸಲಿಲ್ಲ. ಅದೇ ವರ್ಷದ ಅಕ್ಟೋಬರ್‌ಗೆ 'ಫೋರ್ ಸೀಸನ್ಸ್ ಆಫ್ ಲವ್' ಬಂತು, ವಸಂತದಿಂದ ಚಳಿಗಾಲದವರೆಗೆ ಋತುವಿಗೊಂದು ಹಾಡು. 1977ರಲ್ಲಿ 'ಐ ರಿಮೆಂಬರ್ ಯೆಸ್ಟರ್‌ಡೇ', ಅದರ ಕೊನೆಯಲ್ಲಿ 'ಐ ಫೀಲ್ ಲವ್'. ಪಿಟೀಲುಗಳನ್ನೆಲ್ಲ ಕಳಿಸಿಬಿಟ್ಟು ಬಹುತೇಕ ಪೂರ್ತಿ ಸಿಂಥಸೈಸರಿನ ಮೇಲೆ ನಿಂತ ಹಾಡು. ಬರ್ಲಿನ್ನಿನಲ್ಲಿದ್ದ ಸಂಗೀತಗಾರ ಬ್ರಯನ್ ಈನೋ ಅದನ್ನು ಕೇಳಿ, ನಾಳಿನ ಸಂಗೀತ ಸಿಕ್ಕಿತೆಂದು ಗಾಯಕ ಡೇವಿಡ್ ಬೋವಿಯ ಬಳಿಗೆ ಓಡಿ ಬಂದನಂತೆ. ಸಪಾಟಾದ ನೆಲ, ಒಂದೇ ಸಾಲಿನ ಆವರ್ತನೆ, ಅದರ ಮೇಲೆ ತೇಲುವ ಎತ್ತರದ ತೆಳು ದನಿ: ಇಷ್ಟನ್ನೂ ಆ ತಂಡ ನೆಮ್ಮದಿಯಿಂದ ರೂಢಿಸಿಕೊಂಡದ್ದು 'ಟ್ರೈ ಮಿ'ಯ 18 ನಿಮಿಷಗಳಲ್ಲಿ ಎಂದು ನಾನು ನಂಬುತ್ತೇನೆ. ಮುಂದೆ 1978ರಲ್ಲಿ 'ಮೆಕಾರ್ಥರ್ ಪಾರ್ಕ್' ಒಂದನೆಯ ಸ್ಥಾನಕ್ಕೆ ಹೋದಾಗ ಬಾಸ್ಟನ್ನಿನ ಆ ಗಂಟಲನ್ನು ಲೋಕವೆಲ್ಲ ಪೂರ್ತಿ ಕೇಳಿತು.

52ರಲ್ಲಿ ನಿಂತ ಆ ಹಾಡೂ ಅಲ್ಲಿಗೇ ಮುಗಿಯಲಿಲ್ಲ. 1992ರಲ್ಲಿ ಬ್ರಿಟನ್ನಿನ ಟೇಕ್ ದಟ್ ತಂಡದ ಹುಡುಗರು 'ಕುಡ್ ಇಟ್ ಬಿ ಮ್ಯಾಜಿಕ್' ಹಾಡಿದಾಗ ಹಿಡಿದದ್ದು ಮ್ಯಾನಿಲೋನ ನಿಧಾನದ ನಡೆಯನ್ನಲ್ಲ, ಡೊನ್ನಾಳ ಕುಣಿತದ ನಡೆಯನ್ನು. ಅದು ಬ್ರಿಟಿಷ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಬಂತು. ಅದರ ಮರುವರ್ಷ ಬ್ಯಾರಿ ಮ್ಯಾನಿಲೋ ತನ್ನದೇ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿಕೊಂಡ, ಈ ಸಲ ಕುಣಿಯುವವರ ವೇಗದಲ್ಲಿ.